ಒಂದಿಂಚು

ಅರ್ಜಿಯೊಳಗ ಹದಿನಾಕು ಮನಿ.
ಅಂಗಡ್ಯಾಗ ಕುಂತು, ಬಿಲ್ ಬರಿಯೋ ಪೆನ್ನಿಲೆ ತುಂಬಕೋತ ಹ್ವಾದೆ.
ಹೆಸರು: ವೈಜಯಂತಿ ತುಕಾರಾಮ ಮಹೇಂದ್ರಕರ.
ವಯಸ್ಸು: ಹತ್ತು ತುಂಬಿ ಮೂರು ತಿಂಗಳು.
ರಕ್ತದ ಗುಂಪು...
ಇಲ್ಲಿ ಪೆನ್ನು ನಿಂತಿತು.

ಆಕಿ ಬೆನ್ನಗಲ ಗೊತ್ತು, ತೋಳುದ್ದ ಗೊತ್ತು,
ಎಡಗಡೆ ಹೆಗಲು ಕಾಲಿಂಚು ಇಳಿದದ್ದೂ ಗೊತ್ತು.
ಒಳಗ ಹರಿಯೋದು ಏನಂತ ಮಾತ್ರ
ಕೇಳಿರಲಿಲ್ಲ ಯಾರೂ.
ಲ್ಯಾಬಿನ್ಯಾಗ ಎಂಬತ್ತು ರೂಪಾಯಿ ಕೊಟ್ಟು ತಿಳಕೊಂಡ್ವಿ.
ಬೆರಳು ಚುಚ್ಚಿದಾಗ ವೈಜೂ ಅಳಲಿಲ್ಲ.
ಸೂಜಿ ನಮ್ಮನ್ಯಾಗ ಹೊಸಾದಲ್ಲ.

‘ಹಿಂದಿನ ಅನುಭವ’ ಅಂತ ಇನ್ನೊಂದು ಮನಿ.
“ಬರಿ ಅಪ್ಪಾ, ಓಣಿ ಇಳಿಜಾರು, ಮೂರು ಸಲ, ಗೆಳತಿ ಬೂಟಿನ್ಯಾಗ.”
ಬಿದ್ದದ್ದು?
“ಅದನ್ಯಾಕ ಬರೀತಿ.”

ಈ ಆಟ ಮೂಲದಾಗ ಬರ್ಫಿನ ಮ್ಯಾಲೆ ಆಡೋದಂತ.
ನಮ್ಮ ಹುಬ್ಬಳ್ಳ್ಯಾಗ ಬರ್ಫ ಅಂದ್ರ
ಮೀನಿನಂಗಡಿಯ ಹೊಟ್ಟು ಹತ್ತಿದ ಗಡ್ಡಿ,
ಇಲ್ಲಾ ಕಡ್ಡಿಗೆ ಸಿಗಿಸಿದ ಕೆಂಪು ಗೋಲಾ.
ಅದಕ್ಕ ಕಾಲಿಗೆ ನಾಕ್ನಾಕು ಗಾಲಿ,
ಕೇಶ್ವಾಪುರದ ಆಚಿ ಕಡೆ ಸಿಮೆಂಟಿನ ಅಂಗಳ,
ಮಳಿ ನಿಂತ ಮ್ಯಾಲೆ ಶುರು, ಬಿಸಿಲು ಬಲಿಯೋತನಕ.
ಫೀ ಎರಡು ಕಂತು.
ಮೊದಲನೇದು ಹನ್ನೊಂದು ಜಂಪರಿನ ಹೊಲಿಗಿ.

ಗ್ಲಾಡಿಸ್ ಮೇಡಂ ಕೊರಳಾಗ ಸೀಟಿ, ನನ್ನ ಕೊರಳಾಗ ಟೇಪು.
“ಹದಿನೈದು ದಿನ ಗಿರಕಿ ಇಲ್ಲ, ಜಿಗಿಯೋದಿಲ್ಲ,
ಬರೇ ಬೀಳೋದು ಕಲಸ್ತೇನಿ.
ಬೀಳಾಗ ಕೈ ಊರಬಾರದು. ಕುಂತಂಗ ಬೀಳಬೇಕು.”
ವೈಜೂ ನನ್ನ ಕಡೆ ನೋಡಿದಳು,
ಇಷ್ಟು ದಿನ ತಪ್ಪು ಬಿದ್ದೆ ಅನ್ನೋಹಂಗ.

ಬೂಟಿನ ಮಾತು ಬಂತು.
ಆಕಿ ಕಾಲು ಮೂರನೇ ನಂಬರು.
“ಐದು ತರ್ತೇನ್ರಿ, ಬೆಳಿಯೋ ಹುಡುಗಿ,
ಮುಂದ ಹತ್ತಿ ತುರುಕಿದ್ರಾತು.”
ಮೇಡಂ ಕನ್ನಡಕ ತಗದರು.
“ಟೇಲರ್ರ, ಇದು ಲಂಗಾ ಅಲ್ಲ.
ಒಳಗ ಕಾಲು ಅಳ್ಳಾಡಿತಂದ್ರ ಹಿಮ್ಮಡ ಹೊಳ್ಳತೈತಿ.
ಇವತ್ತಿನ ಕಾಲಿಗೆ ಇವತ್ತಿನ ಬೂಟು.”

ಇವತ್ತಿನ ಕಾಲಿಗೆ.
ಮೂವತ್ತು ವರ್ಷ ದುರ್ಗದಬೈಲಿನ್ಯಾಗ ಹೊಲದೇನಿ,
ಹುಡುಗರ ಬಟ್ಟಿ ಎಲ್ಲಾ ನಾಳೆಗೆ.
ಒಳಗ ಒಂದಿಂಚು ಬಿಡು, ಮಡಚು, ಕಚ್ಚಾ ಹೊಲಿಗಿ ಹಾಕು.
ತಾಯಂದಿರು ಹೇಳೋದೂ ಅದನ್ನ:
ಬರೋ ವರ್ಷಕ್ಕೂ ಆಗಬೇಕ್ರಿ ಮತ್ತ.
ನಮ್ಮಪ್ಪ ನನಗೂ ಹಂಗ ಹೊಲದಿದ್ದ.
ಮಡಿಕಿ ಬಿಚ್ಚಿದ ವರ್ಷ ಚಡ್ಡಿ ಅಂಚಿಗೆ
ಬಿಸಿಲು ಕಾಣದ ನೀಲಿ ಪಟ್ಟಿ ಒಂದು,
ಕಿಲಾಸಿನ್ಯಾಗ ಎಲ್ಲರಿಗೂ ಕಾಣೋದು
ನಾ ಎಷ್ಟು ಬೆಳದೆ ಅಂತ.

ಕೊಪ್ಪೀಕರ ರಸ್ತೆ ಅಂಗಡ್ಯಾಗ ಲೇಸು ಬಿಗಿದೆ.
ಹಿಡಿತೈತೇನವಾ?
ಎದ್ದು ನಿಂತಳು. ಕನ್ನಡಿ ನೋಡಲಿಲ್ಲ, ಕೆಳಗ ನೋಡಿದಳು.
“ಹಿಡಿಯಂಗಿಲ್ಲ ಅಪ್ಪಾ.
ಹಿಡಕೊಂಡೈತಿ.”

ರಾತ್ರಿ ಲೈಕ್ರಾ ಬಟ್ಟಿ ಹಾಸಿದೆ, ಅಂಗಿ ಹೊಲಿಯಾಕ.
ಜಾರೋ ಬಟ್ಟಿ, ಎಳದಂಗ ಬರೋ ಬಟ್ಟಿ,
ಹಳೇ ಸೂಜಿ ಟಾಕಿ ಬಿಡಾಕತ್ತಿತು,
ಗುಂಡು ತುದಿ ಸೂಜಿ ಕಡಾ ತಂದೆ ಪಕ್ಕದ ಮಾನೆ ಅಂಗಡಿಯಿಂದ.
ಸುಣ್ಣದ ಗೆರಿ ಎಳದೆ.
ಕತ್ತರಿ ತಾನ ಹೊರಗಡೆ ಹೊಂಟಿತು, ಗೆರಿ ಬಿಟ್ಟು, ಒಂದಿಂಚು.
ಕೈ ನಿಲ್ಲಿಸಿದೆ.
ಗೆರಿ ಮ್ಯಾಲೇನ ಕತ್ತರಿಸಬೇಕಿತ್ತು.
ಹಿಂಗ ಎಂದೂ ಹೆದರಿರಲಿಲ್ಲ ನಾ, ಮದಿವಿ ಶೇರವಾನಿಗೂ.

ಅನಸೂಯಾ ಚಾ ಇಟ್ಟು ನಿಂತಳು.
“ಮಾರ್ಚಿಗೆ ಸಣ್ಣ ಆಗ್ತಾವು ನೋಡು, ಅಂಗಿ, ಬೂಟು ಎರಡೂ.”
ಆಗಲಿ ಅಂದೆ.
ಅಂದ ಮ್ಯಾಲೆ ಎದಿ ಒಂದೀಟು ಧಸಕ್ಕಂತು,
ಎರಡನೇ ಕಂತು ಇನ್ನೂ ಹೊಂದಿಸಿಲ್ಲ.

ಹದಿನಾಕನೇ ಮನ್ಯಾಗ ಸಹಿ ಮಾಡಿದೆ:
ಬಿದ್ದರ ನಾವು ಹೊಣಿ ಅಲ್ಲ ಅಂತ
ಅವರು ಬರದದ್ದರ ಕೆಳಗ.

ವೈಜೂ ಬೂಟು ತಲಿ ಹಂತ್ಯಾಕ ಇಟಗೊಂಡು ಮಲಗ್ಯಾಳ.
ಬೆಳಗ್ಗೆ ಐದೂವರಿಗೆ ಎಬ್ಬಿಸಬೇಕು.
ಬೆರಳಿಲೆ ಒಂದು ಗಾಲಿ ತಿರುವಿದೆ.
ಮಿಶಿನ್ ಮುಚ್ಚಿದೆ, ದೀಪ ಆರಿಸಿದೆ,
ಹಾಸಿಗಿ ಕೊಡವಿದೆ,
ಸಣ್ಣಗ ಇನ್ನೂ ತಿರುಗಾಕತ್ತಿತ್ತು.